ಒಣಮೀನಿನ ಗೂಟದಿಂದ ಹೋದ ಒಪ್ಪಿಗೆ

ಪತ್ರಿಹಾಳ, ಕೃಷ್ಣೆಯ ಮೇಲೆ
ನೀರೆಣಿಕೆ ಇನ್ನೂರ ಹನ್ನೆರಡು, ಏರುನೀರು ತಿಂಗಳ ಮೂವತ್ತೇಳನೆಯ ದಿನ, ಸೋಮವಾರ

ನಮಗಿಂತ ಮುಂಚೆ ಬಾಳಿದ ಹಿರಿಯರಿಗೆ ನೀಲಗಂಗವ್ವ ಮಾಡುವ ಶರಣು.

ಮೂವತ್ತೇಳನೆಯ ದಿನವೇ ಎಂದು ಹುಬ್ಬೇರಿಸಬೇಡಿ. ನಮ್ಮ ತಿಂಗಳು ಚಂದ್ರನದಲ್ಲ, ಹೊಳೆಯದು. ನೀರು ಏರುವಷ್ಟು ದಿನವೂ ಒಂದೇ ತಿಂಗಳು. ನಿಮ್ಮ ಎಣಿಕೆಯಲ್ಲಿ ಇದು ಎರಡು ಸಾವಿರದ ನಾನೂರು ದಾಟಿದ ಕಾಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಊರ ಶಾಲೆಯಲ್ಲಿ ನಾಲ್ಕಕ್ಷರ ಕಲಿತವಳು, ವಯಸ್ಸು ಐವತ್ತು, ಮೇಲಾಗಿ ಇವತ್ತು ಖುಷಿಯಲ್ಲಿ ಬರೆಯುತ್ತಿದ್ದೇನೆ. ನನ್ನ ಮಗಳು ಮಹಾನಂದಾಳ ಲಗ್ನ ಗಟ್ಟಿಯಾಯಿತು!

ನಮ್ಮದು ತೇಲೂರು. ಅಂದರೆ, ಒಂದಕ್ಕೊಂದು ಬಿಗಿದ ತೆಪ್ಪಗಳ ಊರು. ಮನೆ, ಕೊಟ್ಟಿಗೆ, ಮೆಣಸಿನ ಮಡಿ, ಲಿಂಗದ ಗುಡಿ ಎಲ್ಲವೂ ತೆಪ್ಪದ ಮೇಲೆಯೇ. ನೀರು ಇಳಿದಾಗ ಮಡುವಿಗೆ ಹೋಗುತ್ತೇವೆ, ಏರಿದಾಗ ದಂಡೆಗೆ ಬರುತ್ತೇವೆ. ಊರನ್ನು ಕಟ್ಟುವ ಕಬ್ಬಿಣದ ಕಂಬಕ್ಕೆ ಗೂಟ ಎನ್ನುತ್ತೇವೆ. ಅಂಚೆಯ ತಂತಿ ಇರುವುದು ಗೂಟದಲ್ಲಿ, ಗೂಟಕ್ಕೊಂದು ಅಂಕಿ. ನಿಮ್ಮವರು ಅದನ್ನು ಐಪಿ ನಂಬರ್ ಎನ್ನುತ್ತಿದ್ದರಂತೆ. ಊರು ಕದಲುವ ದಿನ ರೊಟ್ಟಿ ಬುತ್ತಿ ಕಟ್ಟಿ, ಗುಡಿಯ ದೀಪಕ್ಕೆ ಸೆರಗು ಮರೆ ಮಾಡಿ, ಊರ ಹೆಸರಿನ ಹಲಗೆಗೆ ವಿಭೂತಿ ಹಚ್ಚಿ ಮುಂದಿನ ತೆಪ್ಪದಲ್ಲಿಟ್ಟು ಹೊರಡುತ್ತೇವೆ. ಆಚೆಯ ಗೂಟ ಮುಟ್ಟಿದೊಡನೆ ಅಂಚೆಯ ಪಟ್ಟಿಯಲ್ಲಿ ಊರ ಹೆಸರಿನ ಮುಂದೆ ಅದರ ಅಂಕಿ ಬರೆಸುತ್ತೇವೆ. ಪತ್ರಿಹಾಳ ಎಲ್ಲಿ ಎಂದು ಯಾರು ಕೇಳಿದರೂ ಇಂಥ ಗೂಟದಲ್ಲಿ ಎಂದು ಉತ್ತರ ಹೋಗುತ್ತದೆ. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆವು. ಹುಟ್ಟಿದಾಗಿನಿಂದ ಅವೇ ಎರಡು ಗೂಟಗಳ ನಡುವೆ ಹೋಗಿ ಬಂದವರಿಗೆ ಬೇರೆ ಯೋಚನೆ ಬರುವುದಾದರೂ ಎಲ್ಲಿಂದ? ಈ ಸಲ ದಂಡೆಯ ಗೂಟ ಹೂಳಿನಲ್ಲಿ ವಾಲಿತ್ತು. ನಾವೆಂದೂ ಕಟ್ಟದ ಬೇರೊಂದಕ್ಕೆ ಕಟ್ಟಿಕೊಂಡೆವು.

ಮಹಾನಂದಾಳನ್ನು ಕೇಳಿದವರು ತುಂಗಭದ್ರೆಯ ಮೇಲಿನ ತೇಲೂರಿನವರು. ಹುಡುಗ ಅಮರಯ್ಯ, ತೆಪ್ಪ ಹೆಣೆಯುವವನು. ಇಳಿನೀರಿನಲ್ಲಿ ಸಂಗಮಕ್ಕೆ ಬಂದಾಗ ಇವಳನ್ನು ನೋಡಿ ಒಪ್ಪಿದ್ದ, ಇವಳೂ ಒಪ್ಪಿದ್ದಳು. ಅವನ ತಾಯಿ ದಾನಮ್ಮ ಅಂಚೆಯಲ್ಲಿ ಬರೆದಿದ್ದರು: ಸೋಮವಾರ ಹೊತ್ತು ಮುಳುಗುವುದರೊಳಗೆ ನಿಮ್ಮ ಒಪ್ಪಿಗೆ ಬಾರದಿದ್ದರೆ ಮನಸ್ಸಿಲ್ಲವೆಂದು ತಿಳಿದು ಬೇರೆ ಹುಡುಗಿ ನೋಡಲು ಹೊರಡುತ್ತೇವೆ. ಏರುನೀರಿನಲ್ಲಿ ಮೋಡ ಕವಿದು ದೂರದೂರಿಗೆ ಮಾತಿನ ಕರೆ ದಾಟುವುದಿಲ್ಲ, ದೋಣಿಗೆ ವಾರದ ಮೇಲಿನ ದಾರಿ. ಬರಹದ ಅಂಚೆಯೊಂದೇ ಗತಿ. ಒಳ್ಳೆಯ ದಿನವೆಂದು ಸೋಮವಾರವನ್ನೇ ಕಾದೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಸಂಗಮನಾಥನನ್ನು ನೆನೆದು, ಒಪ್ಪಿಗೆ ಬರೆದು ಕಳಿಸಿದೆ. ಹಂಚಿನ ಮೇಲಿನ ರೊಟ್ಟಿ ಮಗುಚುವುದರೊಳಗೆ ಅದು ತಿರುಗಿ ಬಂತು. ಮತ್ತೆ ಕಳಿಸಿದೆ. ಮತ್ತೆ ಬಂತು.

ಪಕ್ಕದ ತೆಪ್ಪದ ಕಲ್ಲವ್ವ ಸುಮ್ಮನಿರುವವಳಲ್ಲ. “ಬಾಗಲಾ ಹಾಕ್ಕೊಂಡಾರ ಬಿಡ, ನೀಲಗಂಗಕ್ಕಾ. ನಿನ್ನ ಮಗಳ ಮೂಗು ಆವತ್ತ ಸರಿಯಾಗಿ ಕಂಡಿರ್ಲಿಕ್ಕಿಲ್ಲ, ಈಗ ನೆನಪಾಗೇತಿ!” ಎಂದಳು. ನನಗೆ ಕಣ್ಣು ತುಂಬಿ ಬಂತು. ಮಹಾನಂದಾ ಅಳಲಿಲ್ಲ. ತಿರುಗಿ ಬಂದ ಅಂಚೆಯ ಅಡಿಯಲ್ಲಿ, ನಾವ್ಯಾರೂ ಓದದ ಸಣ್ಣ ಅಕ್ಷರದ ಸಾಲೊಂದಿತ್ತು. ಅದನ್ನು ಓದಿ ಕೂಗಿದಳು:

“ಯವ್ವಾ, ಬ್ಯಾಡ ಅಂದಾರಂತ ಯಾರ ಹೇಳಿದ್ರು ನಿನಗ? ದಾನಮ್ಮತ್ತಿ ಇದನ್ನ ನೋಡೇ ಇಲ್ಲ! ಅವರ ಊರ ಅಂಚಿ ಬಾಗಲದಾಗ ಹಿಡದು, ನೀವು ಯಾರು ಅಂತ ಕೇಳೇತಿ.”

“ಪತ್ರಿಹಾಳ ಅಂತ ಬರದೀನಲ್ಲ!”

“ನೀ ಬರದೀ. ಗೂಟ ಏನಂತೈತಿ? ಒಣಮೀನಿನ ತೆಪ್ಪ ಅಂತೈತಿ!”

ನಿತ್ಯ ವಿಭೂತಿ ಹಚ್ಚುವ ನಾನು ಅವರ ಬಾಗಿಲಲ್ಲಿ ಒಣಮೀನಿನವಳು! ಸಂಗತಿ ಇಷ್ಟೇ, ಹಿರಿಯರೇ. ಬಂದ ಅಂಚೆಯ ಬಾಯಿಮಾತನ್ನು ಊರ ಅಂಚೆಬಾಗಿಲು ಕಾಯುವ ಸರ್ವರ್ ನಂಬುವುದಿಲ್ಲ. ಅದು ಯಾವ ಅಂಕಿಯಿಂದ ಬಂತೋ ಆ ಅಂಕಿಯನ್ನೇ ಹಿಡಿದು, ನಿನ್ನ ಹೆಸರೇನು ಎಂದು ವಿಚಾರಿಸುತ್ತದೆ. ಇದಕ್ಕೆ ನಾವು ಮರುಕೇಳಿಕೆ ಎನ್ನುತ್ತೇವೆ; ನೀವು ರಿವರ್ಸ್ ಡಿಎನ್ಎಸ್ ಎನ್ನುತ್ತಿದ್ದಿರಂತೆ. ಎರಡು ಹೆಸರು ಕೂಡದಿದ್ದರೆ ಹೊರಗೇ. ಹೆಸರಿನ ಮುಂದೆ ಅಂಕಿ ಬರೆಸುವುದು ನಮ್ಮ ಕೈಯಲ್ಲಿದೆ, ಆದರೆ ಅಂಕಿಯ ಮುಂದೆ ಹೆಸರು ಬರೆಯಬೇಕಾದವನು ಗೂಟದ ಒಡೆಯ. ನಮಗಿಂತ ಮುಂಚೆ ಅಲ್ಲಿದ್ದ ಒಣಮೀನಿನವರು ಊರೂರಿಗೆ ಬೇಡದ ಅಂಚೆ ಸುರಿದು ಹೆಸರು ಕೆಡಿಸಿಕೊಂಡಿದ್ದರು. ಹಲಗೆ ಹೊತ್ತು ತಂದ ನಾವು ಗೂಟ ಏನನ್ನುತ್ತದೆ ಎಂದು ಕೇಳಿರಲೇ ಇಲ್ಲ. ಮೊದಲು ಸಿಟ್ಟು ಬಂತು. ಆಮೇಲೆ ನಗು ಬಂತು. ಸಂಬಂಧ ಬಂದಾಗ ನಾನೇನು ಮಾಡಿದ್ದೆ? ಬಂದವರ ಮಾತಷ್ಟನ್ನೇ ನಂಬದೆ, ಅವರ ಊರಿನವರನ್ನೇ ಕೇಳಿ ದಾನಮ್ಮನ ಮನೆತನ ವಿಚಾರಿಸಿದ್ದೆ. ಅವರ ಬಾಗಿಲು ನನ್ನನ್ನು ವಿಚಾರಿಸಿದರೆ ತಪ್ಪೇನು?

ಹರಿಗೋಲು ಹಾಕಿಕೊಂಡು ತಾಯಿ ಮಗಳು ಗೂಟದ ಒಡೆಯ ಫಕೀರಪ್ಪನ ಮನೆಗೆ ಹೋದೆವು. ಅವನು ಊಟಕ್ಕೆ ಕುಳಿತಿದ್ದ.

“ಉಂಡ ಮ್ಯಾಲ ಬರೀತೀನಿ ತಗೊ ಯಕ್ಕಾ.”

“ನೀ ಉಣ್ಣೂದ್ರಾಗ ನನ್ನ ಅಳಿಯ ಮತ್ತೊಬ್ಬಾಕಿ ಮನ್ಯಾಗ ಉಣ್ತಾನ! ಏಳೋ ಯಪ್ಪಾ!”

ಅವನು ನಕ್ಕು, ಎಡಗೈಯಲ್ಲೇ ಹೆಸರು ಬದಲಿಸಿದ. ಅದು ಊರೂರು ಮುಟ್ಟಲು ಸಂಜೆಯಾದೀತೆಂದ. ಗುಡಿಯಲ್ಲಿ ಕುಳಿತು ಜಪ ಹಿಡಿದೆ. ಹೊತ್ತು ಇಳಿಯುತ್ತಿತ್ತು, ಮಹಾನಂದಾ ತೆಪ್ಪದ ಅಂಚಿನಲ್ಲಿ ನಿಂತವಳು ತಿರುಗಿ ನೋಡಲಿಲ್ಲ. ಸೂರ್ಯ ನೀರು ಮುಟ್ಟುವಾಗ ಕಳಿಸಿದೆ. ತಿರುಗಿ ಬರಲಿಲ್ಲ! ಬಂದದ್ದು ದಾನಮ್ಮನ ಉತ್ತರ: “ಬೀಗತಿ, ಬೇರೆ ಕಡೆ ಹೊರಡಲು ದೋಣಿ ತೊಳೆಸಿದ್ದೆ. ಇನ್ನು ಅದರಲ್ಲೇ ನಿಮ್ಮಲ್ಲಿಗೆ ಬರುತ್ತೇವೆ.” ಎಲ್ಲರಿಗಿಂತ ಮೊದಲು ಕುಣಿದವಳು ಕಲ್ಲವ್ವ. ಸಕ್ಕರೆಯನ್ನೂ ಅವಳೇ ಹಂಚಿದಳು.

ನಮ್ಮಲ್ಲಿ ಲಗ್ನದ ಮೊದಲ ಕರೆ ದೇವರಿಗೆ, ಎರಡನೆಯದು ಹಿರಿಯರಿಗೆ. ಅದನ್ನು ಹಿನ್ನೀರಂಚೆಯಲ್ಲಿ, ಅಂದರೆ ಕಾಲದ ಹಿಂದಕ್ಕೆ ಹರಿಯುವ ಅಂಚೆಯಲ್ಲಿ, ಬಿಡುತ್ತೇವೆ. ಇದೇ ಆ ಕರೆ. ಅಕ್ಷತೆಯನ್ನು ಅಲ್ಲಿಂದಲೇ ಹಾಕಿರಿ.

ಒಂದು ಬೇಡಿಕೆ. ಬಾಗಿಲಲ್ಲಿ ವಿಚಾರಿಸುವುದನ್ನು ಬಿಡಬೇಡಿ, ಕಳ್ಳರು ಎಲ್ಲ ಕಾಲದಲ್ಲೂ ಇದ್ದಾರೆ. ಆದರೆ ತಿರುಗಿ ಕಳಿಸುವಾಗ ಕಾರಣ ಬರೆಯಿರಿ, ನನ್ನಂಥವಳಿಗೂ ತಿಳಿಯುವಂತೆ ಬರೆಯಿರಿ. ಆ ಒಂದು ಸಾಲು ಇಲ್ಲದಿದ್ದರೆ ನನ್ನ ಮಗಳು ಬೇಡವಾದವಳೆಂದು ನಂಬಿಯೇ ಬಾಳುತ್ತಿದ್ದಳು.

ಈ ಓಲೆ ನಿಮ್ಮ ಸರ್ವರ್ ಮುಟ್ಟಿದಾಗ ಅದು ನಮ್ಮ ಗೂಟದ ಅಂಕಿಯನ್ನು ಹಿಡಿದು ಹೆಸರು ಕೇಳುತ್ತದೆ. ಆ ಗೂಟವನ್ನು ಇನ್ನೂ ಯಾರೂ ನೆಟ್ಟಿಲ್ಲ. ಹೆಸರು ಹೇಳಬೇಕಾದ ಫಕೀರಪ್ಪ ಇನ್ನೂ ಹುಟ್ಟಿಲ್ಲ. ಉತ್ತರ ಸಿಗುವುದಿಲ್ಲ. ಆಗ, ಹಿರಿಯರೇ, ನೀವೇ ಎದ್ದು ಬಾಗಿಲಿಗೆ ಬನ್ನಿ. ಇವರು ನಮ್ಮವರು ಎಂದು ಒಂದು ಮಾತು ಹೇಳಿ ಒಳಗೆ ಕರೆದುಕೊಳ್ಳಿ.