ನಾನು ಅಡಗಿಸಿಟ್ಟ ಹೆಸರು

ಜನವರಿ 8, ಸಂಜೆ

ಮಕ್ಕಳ ಹೆಸರುಗಳ ಕೋಶದಲ್ಲಿ 'ಮ' ಅಕ್ಷರದ ಮೂರನೇ ಪ್ರೂಫ್ ಮುಗಿಯಿತು. ಇನ್ನೂರ ಹನ್ನೆರಡು ಹೆಸರು. ಹೆಸರು, ಅರ್ಥ, ಮೂಲ — ಮೂರು ಕಾಲಂ. ಸಂಪಾದಕರು ಮೇಜಿನ ಹತ್ತಿರ ಬಂದು, "ಏನ್ರೀ, ಈ ಪುಸ್ತಕ ಮುಗಿಯೋಷ್ಟರಲ್ಲಿ ಈಗ ಹುಟ್ಟಿರೋ ಮಕ್ಕಳಿಗೇ ಮಕ್ಕಳಾಗಿಬಿಡ್ತವೆ" ಅಂದರು. ನಾಲ್ಕು ವರ್ಷವಾಯಿತು. ಹೆಣ್ಣು ಹೆಸರುಗಳಲ್ಲಿ ಅರ್ಧಕ್ಕೆ 'ಸುಂದರಿ' ಎಂದೇ ಅರ್ಥ. ಗಂಡು ಹೆಸರುಗಳೆಲ್ಲ 'ಗೆದ್ದವನು'. ಸೋತವರಿಗೆ ಯಾರೂ ಹೆಸರಿಟ್ಟಂತಿಲ್ಲ.

ಪುಟ್ಟಿ ಫೋನ್ ಮಾಡಿದ್ದಳು. ತಂಗಿ, ನನಗಿಂತ ಆರು ವರ್ಷ ಚಿಕ್ಕವಳು. ಹೆರಿಗೆಗೆ ಇನ್ನೊಂದು ವಾರ ಅಂದಿದ್ದಾರಂತೆ ಡಾಕ್ಟರು. "ಅಕ್ಕಾ, ಇಡೀ ದಿನ ಅದೇ ಕೆಲಸ ಮಾಡ್ತೀಯಲ್ಲ, ಒಂದು ಒಳ್ಳೇ ಹೆಸರು ಹೇಳೇ." ಐವತ್ತು ಹೇಳಿದೆ. ಒಂದನ್ನು ಬಿಟ್ಟು.

ಜನವರಿ 10

ಆ ಒಂದು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಶಾಸನಗಳ ಸಂಪುಟವೊಂದರಲ್ಲಿ ಸಿಕ್ಕಿತು. ಕೆರೆ ಕಟ್ಟಿಸಿದ ಹೆಂಗಸೊಬ್ಬಳ ಹೆಸರು. ಅರ್ಥ — ಮಳೆ ಬಿಟ್ಟಾಗ ಬೀಳುವ ಎಳೆಬಿಸಿಲು. ಚೀಟಿಯಲ್ಲಿ ಬರೆದುಕೊಂಡೆ. ಆಫೀಸಿನ ಚೀಟಿ ಡಬ್ಬಿಗೆ ಹಾಕಲಿಲ್ಲ, ಪರ್ಸಿಗೆ ಹಾಕಿಕೊಂಡೆ. ಆಗ ನಾನು ಮೂರು ತಿಂಗಳ ಬಸುರಿ. ಊರಿಗೆಲ್ಲ ಹೆಸರು ಹಂಚುವವಳು ಒಂದನ್ನು ತನಗೆಂದು ಎತ್ತಿಟ್ಟುಕೊಂಡರೆ ಏನಾಗುತ್ತದೆ?

ಏಳನೇ ತಿಂಗಳಿಗೇ ಹೆರಿಗೆ. ಹೆಣ್ಣು. ನಲವತ್ತು ನಿಮಿಷ ಇತ್ತು. ಫಾರಮ್ಮಿನಲ್ಲಿ ಹೆಸರಿನ ಜಾಗಕ್ಕೆ ನರ್ಸು ಒಂದು ಗೆರೆ ಎಳೆದಳು.

ಆ ಹೆಸರು ನನ್ನ ಬಾಯಿಂದ ಕೇಳಿದ್ದು ಪುಟ್ಟಿ ಒಬ್ಬಳೇ — ಆಸ್ಪತ್ರೆಯಲ್ಲಿ, ನನ್ನ ಕೈ ಹಿಡಿದುಕೊಂಡು. ಇವರಿಗೂ ಹೇಳಲಿಲ್ಲ. ಇಲ್ಲಿಯೂ ಬರೆಯುವುದಿಲ್ಲ. ಬರೆದರೆ ಸವೆಯುತ್ತದೆ.

ಜನವರಿ 17

ಪುಟ್ಟಿಗೆ ಹೆಣ್ಣು ಮಗು. ಮೂರು ಕೆ.ಜಿ. ಇನ್ನೂರು ಗ್ರಾಂ. "ದೊಡ್ಡಮ್ಮನ ಮೂಗೇ ಬಂದಿದೆ ನೋಡೇ" ಅಂದಳು ಅಮ್ಮ, ನನ್ನ ಕೈಗೆ ಕೊಡುತ್ತ. ಹಾಲಿನ ವಾಸನೆ. ತಕ್ಷಣ ವಾಪಸು ಕೊಟ್ಟುಬಿಟ್ಟೆ, ಕೈ ತೊಳೆದಿಲ್ಲ ಎಂದು ಸುಳ್ಳು ಹೇಳಿ.

ಹೊಟ್ಟೆಕಿಚ್ಚೇನಿಲ್ಲ ಎಂದು ಬರೆಯಲು ಕೂತೆ. ಇದೆ.

ಫೆಬ್ರವರಿ 2, ಬೆಳಿಗ್ಗೆ 7.20

ಹಲ್ಲುಜ್ಜುತ್ತಿದ್ದೆ. ಫೋನ್ ಟಣ್ ಅಂದಿತು. ಮಗುವಿನ ಫೋಟೋ. ಕೆಳಗೆ ಹೆಸರು.

ಆ ಹೆಸರು. ಅದೇ.

ಮಧ್ಯಾಹ್ನ

ಆಫೀಸಿನ ಮೆಟ್ಟಿಲ ಮೇಲೆ ನಿಂತು ಫೋನ್ ಮಾಡಿದೆ.

"ಎಲ್ಲಿ ಸಿಕ್ತೇ ಈ ಹೆಸರು?"

"ಗೊತ್ತಿಲ್ಲಕ್ಕಾ. ಸ್ನಾನ ಮಾಡ್ತಿದ್ದಾಗ ಥಟ್ ಅಂತ ಹೊಳೀತು. ಎಲ್ಲೋ ಓದಿರಬೇಕು. ಏನೋ ಬಿಸಿಲು ಅಂತ ಅರ್ಥ ಅಲ್ವಾ? ಚೆನ್ನಾಗಿದೆ ತಾನೇ?"

"ಹ್ಞೂಂ, ಚೆನ್ನಾಗಿದೆ."

ಮರೆತಿದ್ದಾಳೆ! ನಾಟಕವಲ್ಲ, ಅವಳ ದನಿ ನನಗೆ ಗೊತ್ತು. ಕದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ನನ್ನ ಬದುಕಿನ ಅತಿ ಕೆಟ್ಟ ದಿನ ಅವಳಿಗೆ ನೆನಪಿಲ್ಲ. ಅದರಿಂದ ಒಂದು ಚಂದದ ಪದ ಮಾತ್ರ ಉಳಿಸಿಕೊಂಡಿದ್ದಾಳೆ.

ನನ್ನ ಫ್ರಾಕು, ನನ್ನ ಸೈಕಲ್ಲು, ಕಿಟಕಿ ಪಕ್ಕದ ನನ್ನ ಮಂಚ. ಒಂದನ್ನೂ ಕೇಳಿ ತೆಗೆದುಕೊಂಡವಳಲ್ಲ. "ಚಿಕ್ಕೋಳು, ಬಿಟ್ಟುಕೊಡೇ" — ಅಮ್ಮ. ಬಿಟ್ಟುಕೊಟ್ಟೆ. ಎಲ್ಲವನ್ನೂ.

ಮಾರ್ಚ್ 14

ಕೊನೆಯ ಪ್ರೂಫ್. ಸಂಪಾದಕರು ಕನ್ನಡಕ ರಿಪೇರಿಗೆ ಕೊಟ್ಟಿದ್ದಾರೆ. "ನೀವು ನೋಡಿದ್ದೀರಲ್ಲ, ಸಾಕು" ಅಂದರು.

ಪರ್ಸಿನಿಂದ ಚೀಟಿ ತೆಗೆದೆ. ಸೇರಿಸಿದೆ. ಹೆಸರು, ಅರ್ಥ, ಮೂಲ. ಅರ್ಥದ ಮುಂದೆ ಅರ್ಧವಿರಾಮ ಹಾಕಿ ಇನ್ನೊಂದು ಪದ ಬರೆದೆ. 'ಅಲ್ಪಾಯು'.

ಎಳೆಬಿಸಿಲು ಎಷ್ಟು ಹೊತ್ತು ಇರುತ್ತದೆ? ಪೂರ್ತಿ ಸುಳ್ಳೇನಲ್ಲ... ಎಂದುಕೊಂಡು ಸಹಿ ಹಾಕಿದೆ.

ಮೇ 30

ಪುಸ್ತಕ ಬಂತು. ದಪ್ಪ ರಟ್ಟು. ಒಳಪುಟದಲ್ಲಿ ನನ್ನ ಹೆಸರು, ಸಣ್ಣಕ್ಕೆ. ಇವರು ಸ್ವೀಟ್ ತಂದರು. ಬೇಡವೆಂದೆ.

ಜೂನ್ 11

ಪುಟ್ಟಿಯ ಗಂಡ ಅಂಗಡಿಗೆ ಹೋಗಿ ಕೊಂಡುಕೊಂಡನಂತೆ. 'ದೊಡ್ಡಮ್ಮನ ಪುಸ್ತಕ' ಎಂದು ಮನೆಯವರಿಗೆಲ್ಲ ತೋರಿಸಿದನಂತೆ. ಮೊದಲು ಮಗಳ ಹೆಸರನ್ನೇ ಹುಡುಕಿ ಗಟ್ಟಿಯಾಗಿ ಓದಿದನಂತೆ, ಅವರಮ್ಮನ ಎದುರಿಗೇ.

ಪುಟ್ಟಿ ಫೋನಿನಲ್ಲಿ ಅಳುತ್ತಿದ್ದಳು. "ಅಕ್ಕಾ, ಅತ್ತೆ ಅವತ್ತಿಂದ ಮಗೂನ ಆ ಹೆಸರಲ್ಲಿ ಕರೀಬೇಡ ಅಂತಿದಾರೆ. ನಿಜವಾಗ್ಲೂ ಅದೇ ಅರ್ಥನಾ? ತಪ್ಪು ಪ್ರಿಂಟಾಗಿರಬಹುದಲ್ವಾ?"

ಈಗಲೂ ಹೇಳಬಹುದಿತ್ತು. ಬಾಯಿಯವರೆಗೂ ಬಂತು.

"ನಾಲ್ಕು ಸಲ ಪ್ರೂಫ್ ನೋಡಿದೀವಿ ಪುಟ್ಟಿ" ಅಂದೆ.

ಜೂನ್ 20

ಹೆಸರು ಬದಲಾಯಿಸಿದರು. 'ಸುಂದರಿ' ಎಂಬ ಅರ್ಥದ್ದು ಯಾವುದೋ ಒಂದು.

ನನ್ನದು ನನಗೆ ವಾಪಸು ಬಂತು. ಮಧ್ಯಾಹ್ನ ಊಟ ರುಚಿಸಿತು. ತುಂಬಾ ದಿನದ ಮೇಲೆ.

ಜುಲೈ 5

ಅಮ್ಮ ಬಂದಿದ್ದಳು. ಪುಟ್ಟಿಗೆ ನಿದ್ದೆಯಿಲ್ಲವಂತೆ. "ಹತ್ತು ನಿಮಿಷಕ್ಕೊಂದ್ಸಲ ಮಗೂನ ಮೂಗಿನ ಕೆಳಗೆ ಬೆರಳಿಡ್ತಾಳೆ ಕಣೇ. ಹೆಸರು ಬದಲಾಯಿಸಿದ್ರೂ ಆ ಪದ ಅವಳ ತಲೆಯಿಂದ ಹೋಗ್ತಿಲ್ಲ. ಇಳಿದು ಕಡ್ಡಿಯಾಗಿದಾಳೆ."

ಆ ನಲವತ್ತು ನಿಮಿಷ ನಾನೂ ಬೆರಳಿಟ್ಟುಕೊಂಡೇ ಇದ್ದೆ.

'ಅಲ್ಪಾಯು', ಆ ಪದ ನನ್ನ ಮಗುವಿನದಾಗಿತ್ತು. ಅದನ್ನು ತೆಗೆದು ಅವಳ ಮಗುವಿಗೆ ಕೊಟ್ಟೆ.

ಜುಲೈ 13

ಹೋಗಿದ್ದೆ. ಪುಟ್ಟಿಯ ಕಣ್ಣ ಸುತ್ತ ಕಪ್ಪು. ಮಗು ಚಾಪೆಯ ಮೇಲೆ ಮಗುಚಿಕೊಂಡಿತ್ತು. ಅವಳ ಅತ್ತೆ ಹೊಸ ಹೆಸರು ಹಿಡಿದು ಕರೆದು ಚಿಟಿಕೆ ಹೊಡೆದರು. ಮಗು ತಿರುಗಲಿಲ್ಲ. ಅವರು ಒಳಗೆ ಹೋದ ಮೇಲೆ ಪುಟ್ಟಿ ಮೆಲ್ಲಗೆ ಹಳೆಯದನ್ನು ಕರೆದಳು. ಥಟ್ಟನೆ ತಿರುಗಿತು. ಬೊಚ್ಚು ಬಾಯಿ ತೆರೆದು ನಕ್ಕಿತು.

"ನೋಡಕ್ಕಾ, ಅದಕ್ಕೆ ಅದೇ ಗೊತ್ತು. ಕದ್ದು ಕರೀತೀನಿ. ಕರೆದ ಮೇಲೆ ಭಯ ಆಗತ್ತೆ, ನಾನೇ ಏನೋ ಕೇಡು ಮಾಡ್ದೆ ಅಂತ."

ಹೇಳಿಬಿಟ್ಟೆ. ಚೀಟಿ, ಪರ್ಸು, ಅರ್ಧವಿರಾಮ, ಎಲ್ಲ. ಆಸ್ಪತ್ರೆಯಲ್ಲಿ ಅವಳಿಗೆ ಹೇಳಿದ್ದನ್ನೂ.

ಪುಟ್ಟಿ ಬಯ್ಯಲಿಲ್ಲ. ಮಗುವನ್ನು ಎತ್ತಿಕೊಂಡು ಎದೆಗವಚಿಕೊಂಡಳು, ನನ್ನಿಂದ ಮರೆ ಮಾಡುವ ಹಾಗೆ.

"ನಾನು ಮರೆತಿದ್ದು ತಪ್ಪು. ಒಪ್ಪಿದೆ. ನನ್ನನ್ನ ಹೊಡೀಬಹುದಿತ್ತಲ್ಲಕ್ಕಾ. ಇದೇನು ಮಾಡಿತ್ತು?"

ಚಪ್ಪಲಿ ಹಾಕಿಕೊಳ್ಳುವಾಗ ಬೆನ್ನ ಹಿಂದೆ ಬಾಗಿಲು ಮುಚ್ಚಿತು. ಜೋರಾಗಿ ಅಲ್ಲ. ಮಗು ಬೆಚ್ಚದ ಹಾಗೆ.

ಜುಲೈ 15

ಸಂಪಾದಕರಿಗೂ ಹೇಳಿದೆ. ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. "ನಿಮ್ಮನ್ನ ಕಣ್ಣುಮುಚ್ಚಿ ನಂಬಿದ್ದೆನಲ್ರೀ." ಅಷ್ಟೇ. ಉಳಿದ ಪ್ರತಿಗಳಿಗೆಲ್ಲ ತಿದ್ದುಪಡಿ ಚೀಟಿ. ಅಂಟಿಸುವವಳು ನಾನು. ಆಮೇಲೆ ಬೇರೆ ಕೆಲಸ ನೋಡಿಕೊಳ್ಳಬೇಕು.

ಜುಲೈ 19

ಗೋದಾಮಿನಲ್ಲಿ ಕೂತು ಅಂಟಿಸುತ್ತಿದ್ದೇನೆ. 'ಮಳೆ ಬಿಟ್ಟಾಗ ಬೀಳುವ ಎಳೆಬಿಸಿಲು ಎಂದು ಮಾತ್ರ ಓದಿಕೊಳ್ಳಬೇಕು.' ಬೆರಳಿಗೆಲ್ಲ ಗೋಂದು. ಮೊದಲನೆಯದನ್ನು ಮೊನ್ನೆಯೇ ಪುಟ್ಟಿಯ ಅತ್ತೆಗೆ ಕಳಿಸಿದ್ದೆ, ಜೊತೆಗೆ ಒಂದು ಪತ್ರ.

ಉತ್ತರವಿಲ್ಲ.

ಆಗಸ್ಟ್ 3, ಬೆಳಿಗ್ಗೆ

ಅಮ್ಮ ಫೋನ್ ಮಾಡಿದಳು, ಪುಟ್ಟಿಯ ಮನೆಯಿಂದ. ಪತ್ರವನ್ನು ಅತ್ತೆ ಎರಡು ಸಲ ಓದಿಸಿಕೊಂಡರಂತೆ. ಹಳೆಯ ಹೆಸರೇ ಇರಲಿ ಅಂದರಂತೆ. ಪುಟ್ಟಿ ಮೊನ್ನೆಯಿಂದ ನಿದ್ದೆ ಮಾಡುತ್ತಿದ್ದಾಳೆ. "ನಿನ್ನ ವಿಷಯ ಮಾತ್ರ ಎತ್ತಬೇಡ ಅಂತಾಳೆ. ಸ್ವಲ್ಪ ದಿನ ಬಿಡೇ."

ಆಯಿತು ಅಂದೆ.

ಅಷ್ಟರಲ್ಲಿ ಆ ಕಡೆಯಿಂದ ಪುಟ್ಟಿ ಮಗುವನ್ನು ಕೂಗಿದ್ದು ಕೇಳಿಸಿತು. ಆ ಹೆಸರು ಹಿಡಿದು, ಗಟ್ಟಿಯಾಗಿ, ಯಾವ ಭಯವೂ ಇಲ್ಲದೆ. ಹೊಟ್ಟೆಕಿಚ್ಚಾಯಿತು. ಈಗಲೂ. ಇಷ್ಟೆಲ್ಲ ಆದ ಮೇಲೂ. ಸುಳ್ಳು ಬರೆಯಲಾರೆ.

"ಫೋನ್ ಇಡ್ಲೇನೇ?" ಅಂದಳು ಅಮ್ಮ.

ಇಡಬೇಡ ಅಂದೆ. ಫೋನನ್ನು ಕಿವಿಗೆ ಹಿಡಿದುಕೊಂಡು ನಿಂತೆ — ಇನ್ನೊಂದು ಸಲ ಕೂಗಲಿ, ಒಂದೇ ಒಂದು ಸಲ...