ಕೊರೆದ ಸೀಟು

ರೀ,

ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಳ್ಳಿ. ಬಿಪಿ ಮಾತ್ರೆ ಮರೆಯಬೇಡಿ.

ನಾನು ಕೊರೆಸಿ ತಗ್ಗಿಸಿದ್ದ ಸೀಟು ತೆಗೆಸಿ, ನನ್ನ ಡರ್ಟ್ ಬೈಕಿಗೆ ಹಳೇ ಎತ್ತರದ ಸೀಟನ್ನೇ ಮತ್ತೆ ಹಾಕಿಸಿದ್ದೀರಿ. ನನಗೊಂದು ಮಾತು ಹೇಳಲಿಲ್ಲ. ಎಂದಿನಂತೆ ಮೆಟ್ಟಿಲ ಮೇಲಿಂದ ಹತ್ತಿ ಹೊರಟೆ. ಗೇಟಿನ ಹತ್ತಿರ ನಿಲ್ಲಿಸಿ ಕಾಲು ಇಳಿಬಿಟ್ಟರೆ ನೆಲವೇ ಸಿಗಲಿಲ್ಲ, ಬೈಕಿನ ಸಮೇತ ಬಿದ್ದೆ. ಎದುರುಮನೆಯವರು ಬಂದು ಎತ್ತಿದರು. "ಈ ವಯಸ್ಸಲ್ಲಿ ನಿಮಗ್ಯಾಕಮ್ಮ ಇದೆಲ್ಲ?" ಅಂದರು, ಥೇಟ್ ನೀವೇ ಹೇಳಿಕೊಟ್ಟ ಹಾಗೆ.

"ಆ ಕೊರೆದ ಸೀಟು ನೋಡೋಕೆ ಅಸಹ್ಯವಾಗಿತ್ತು ಕಣೇ" ಅಂತೀರಿ, ಗೊತ್ತು. ಹೌದು, ನಾನು ಕುಳ್ಳಿ, ದಪ್ಪ, ಅರವತ್ತು ದಾಟಿದವಳು. ಅದಕ್ಕೇ ಗ್ಯಾರೇಜಿನವನು ನನ್ನನ್ನು ಕೂರಿಸಿ, ಎಬ್ಬಿಸಿ, ಮತ್ತೆ ಕೂರಿಸಿ ಸ್ಪಂಜು ಕೊರೆದ, ನನ್ನ ಭಾರಕ್ಕೆ ಗಟ್ಟಿ ಸ್ಪ್ರಿಂಗ್ ಹಾಕಿದ. ಒಂದು ಸಲವೂ ನಗಲಿಲ್ಲ.

ನೀವು ಹಿತ್ತಿಲಿಗೆ ಎಸೆದ ಸೀಟು ಎತ್ತಿಕೊಂಡು, ಬೈಕ್ ತಳ್ಳಿಕೊಂಡೇ ಅವನ ಹತ್ತಿರ ಹೋಗುತ್ತಿದ್ದೇನೆ. ಫೋನ್ ಮಾಡಬೇಡಿ.

ಅಡುಗೆಕಟ್ಟೆ ಕಟ್ಟಿಸಿದ್ದು ನಿಮ್ಮಮ್ಮನ ಎತ್ತರಕ್ಕೆ. ಕನ್ನಡಿಗೆ ಮೊಳೆ ಹೊಡೆದದ್ದು ನಿಮ್ಮ ಎತ್ತರಕ್ಕೆ. ಈ ಮನೆಯಲ್ಲಿ ನನ್ನ ಅಳತೆಗೆ ಅಂತ ಇದ್ದದ್ದು ಆ ಸೀಟೊಂದೇ.