ಬಣ್ಣದ ಮೇಲೆ ಬಿಗಿದ ವೈರು

ಬಬಲೇಶ್ವರ
೧೪-೬-೧೯೭೮

ಉಸ್ತಾದ ಅಲ್ಲಾಉದ್ದೀನ ಅವರಿಗೆ ಯಾಕೂಬನ ಸಲಾಮು.

ಹೋದ ತಿಂಗಳು ತಿಕೋಟಾದ ವಕೀಲರ ಹಳೆಯ ಮೋರಿಸ್ ಕಾರಿನ, ಕಿಡಿ ಹಾರಿಸುವ ಪಾಯಿಂಟು ತೆಗೆದು, ಅದರ ಬದಲಿಗೆ ಮುಂಬಯಿಯಿಂದ ತರಿಸಿದ ಎಲೆಕ್ಟ್ರಾನಿಕ್ ಇಗ್ನಿಷನ್ ಪೆಟ್ಟಿಗೆಯನ್ನು ನೀವೇ ಕೂಡಿಸಿದ್ದಿರಿ. ಕಾರು ಗೋಳಗುಮ್ಮಟ ದಾಟುವುದರೊಳಗೆ ನಿಂತುಬಿಟ್ಟಿತು. ಆಗ ನಿಮ್ಮ ಗ್ಯಾರೇಜಿನ ಕೆಲಸಗಾರರೆಲ್ಲರೆದುರು, "ಈ ಯಾಕೂಬ ಕೈ ಹಚ್ಚಿ ಕೆಡಿಸ್ಯಾನ. ಹೋಗಲೇ, ಸೈಕಲ್ ಪಂಚರ್ ತಗಿ ಹೋಗ," ಎಂದು ನನ್ನ ಕೊರಳಪಟ್ಟಿ ಹಿಡಿದು ಹೊರಗೆ ನೂಕಿದಿರಿ. ನಾನದನ್ನು ಮುಟ್ಟಿರಲೇ ಇಲ್ಲ.

ನಿನ್ನೆ ಅದೇ ಕಾರು ಇಲ್ಲಿ, ನಾನೀಗ ಕೆಲಸ ಮಾಡುವ ಅಂಗಡಿಯ ಮುಂದೆ ಕೆಟ್ಟು ನಿಂತಿತು. ಬಾನೆಟ್ ಎತ್ತಿ ನೋಡಿದೆ. ಪೆಟ್ಟಿಗೆಯ ಅರ್ಥಿಂಗ್ ವೈರನ್ನು ನೀವು ಬಣ್ಣದ ಮೇಲೆಯೇ ಬಿಗಿದಿದ್ದಿರಿ, ಅದು ಕಾರಿನ ತಗಡಿಗೆ ಸರಿಯಾಗಿ ತಾಗಿರಲಿಲ್ಲ. ಇಂಜಿನ್ ಅದುರಿದಾಗಲೆಲ್ಲ ಕಿಡಿ ತಪ್ಪುತ್ತಿತ್ತು. ಬಣ್ಣ ಕೆರೆದು ಬಿಗಿದೆ. ಹೊನವಾಡದವರೆಗೆ ಹೋಗಿ ಬಂದೆವು, ಒಮ್ಮೆಯೂ ನಿಲ್ಲಲಿಲ್ಲ.

"ಅಲ್ಲಾಉದ್ದೀನಗ ಇಷ್ಟೂ ತಿಳೀಲಿಲ್ಲೇನಪಾ?" ಎಂದು ವಕೀಲರು ನಕ್ಕರು. ನಾನು ನಗಲಿಲ್ಲ.

ಅವರ ತಮ್ಮನ ಕಾರಿಗೂ ಇಂಥದೇ ಪೆಟ್ಟಿಗೆ ಕೂಡಿಸಬೇಕಂತೆ. ಆ ಕೆಲಸ ನಿಮ್ಮ ಗ್ಯಾರೇಜಿನಲ್ಲೇ ಆಗಬೇಕೆಂದು ಹಟ ಹಿಡಿದೆ, ಒಪ್ಪಿದ್ದಾರೆ. ಸೋಮವಾರ ಮುಂಜಾನೆ ಬರುತ್ತೇನೆ. ಕೆಲಸಗಾರರೆಲ್ಲ ಇರಲಿ. ನಟ್ಟು ಬಿಗಿಯುವಾಗ ನನಗೆ ಪಾನಾ ಎತ್ತಿಕೊಡಲು ಒಬ್ಬರು ಬೇಕು. ನೀವೇ ನಿಲ್ಲಬೇಕು.

ನಿಮ್ಮ ಕೈಕೆಳಗೆ ಕಲಿತ,
ಯಾಕೂಬ